ವಿದೇಶದ ವಿಜ್ಞಾನ ಮೇಳದಲ್ಲಿ ಪ್ರಾಜೆಕ್ಟ್ ಮಂಡಿಸುವ ಮುನ್ನ

ವಿದೇಶದ ವಿಜ್ಞಾನ ಮೇಳಕ್ಕೆ ಆಯ್ಕೆಯಾದ ವಿದ್ಯಾರ್ಥಿಗಳಲ್ಲಿ ಹಲವರು ಮೊದಲು ಕೈಹಾಕುವುದು ಪೋಸ್ಟರಿಗೆ. ಆದರೆ ಅದಕ್ಕೂ ಮೊದಲು ಮೇಳದ ನಿಯಮಾವಳಿಯನ್ನು ಆಮೂಲಾಗ್ರವಾಗಿ ಓದಬೇಕು; ಏನನ್ನು ತೋರಿಸಬಹುದೆಂದು ತಿಳಿದ ಮೇಲಷ್ಟೇ ಹೇಗೆ ತೋರಿಸಬೇಕೆಂದು ನಿರ್ಧರಿಸಲು ಸಾಧ್ಯ. 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭವಾಗಿ, ಈಗ ಪ್ರತಿವರ್ಷ ಮೇ ತಿಂಗಳಲ್ಲಿ ಅಮೆರಿಕದಲ್ಲಿ ನಡೆಯುವ ರೀಜನರಾನ್ ಐಸೆಫ್ (ಅಂತರರಾಷ್ಟ್ರೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಮೇಳ) ಅನ್ನೇ ನೋಡಿ. ಅಲ್ಲಿ ಗಿಡಗಳೂ ಸೇರಿದಂತೆ ಯಾವುದೇ ಜೀವಿಯನ್ನು, ಮಣ್ಣನ್ನು, ಆಹಾರ ಪದಾರ್ಥವನ್ನು, ರಾಸಾಯನಿಕವನ್ನು, ಕಡೆಗೆ ನೀರನ್ನೂ ಪ್ರದರ್ಶನಕ್ಕೆ ಇಡುವಂತಿಲ್ಲ. ಹೀಗಾಗಿ ನೀರಿನ ಶುದ್ಧೀಕರಣದ ಬಗ್ಗೆ ಪ್ರಯೋಗ ಮಾಡಿದವರು ಅದರ ಪ್ರತಿಯೊಂದು ಹಂತವನ್ನೂ ಛಾಯಾಚಿತ್ರಗಳಲ್ಲಿ ಹಿಡಿದಿಟ್ಟುಕೊಂಡಿರಬೇಕು, ಪ್ರತಿ ಚಿತ್ರವನ್ನು ತೆಗೆದವರ ಹೆಸರನ್ನೂ ನಮೂದಿಸಬೇಕು. ಸಾರಾಂಶವು 250 ಪದಗಳನ್ನು ಮೀರಬಾರದೆಂಬುದು ಅಲ್ಲಿನ ಇನ್ನೊಂದು ನಿಯಮ.

ಪೋಸ್ಟರಿನಲ್ಲಿ ಸಂಶೋಧನೆಯ ಪ್ರಶ್ನೆ, ವಿಧಾನ, ಫಲಿತಾಂಶ, ತೀರ್ಮಾನ ಇಷ್ಟಿದ್ದರೆ ಸಾಕು. ಪ್ರತಿ ನಕ್ಷೆಯ ಅಕ್ಷಗಳಲ್ಲಿ ಏಕಮಾನಗಳಿರಲಿ. ಪ್ರಯೋಗವನ್ನು ಎಷ್ಟು ಬಾರಿ ಪುನರಾವರ್ತಿಸಿದ್ದೀರಿ, ಫಲಿತಾಂಶಗಳಲ್ಲಿ ಎಷ್ಟು ವ್ಯತ್ಯಾಸ ಕಂಡಿತು ಎಂಬುದು ಅಲ್ಲಿಯೇ ಕಾಣಿಸಲಿ. ಎ0 ಅಳತೆಯ ಪೋಸ್ಟರನ್ನು ಮುದ್ರಣಕ್ಕೆ ಕೊಡುವ ಮೊದಲು ಎ4 ಹಾಳೆಯಲ್ಲಿ ಒಂದು ಪ್ರತಿ ತೆಗೆದು ನೋಡುವುದು ಒಳ್ಳೆಯದು. ಅದರಲ್ಲಿ ಅಕ್ಷರಗಳು ಕಾಲು ಭಾಗಕ್ಕೆ ಕುಗ್ಗಿರುತ್ತವೆ. ಕೈಯಲ್ಲಿ ಹಿಡಿದು ಅದನ್ನು ಓದಲಾಗದಿದ್ದರೆ, ದೊಡ್ಡ ಪೋಸ್ಟರಿನ ಮುಂದೆ ಒಂದೆರಡು ಮೀಟರ್ ದೂರ ನಿಂತವರಿಗೂ ಕಷ್ಟವಾಗುತ್ತದೆ.

ಪ್ರಯಾಣದ ಸಿದ್ಧತೆಯಲ್ಲಿ ಪಾಸ್‌ಪೋರ್ಟ್, ವೀಸಾ ಕೆಲಸಗಳನ್ನು ಆಯ್ಕೆಯ ಪತ್ರ ಕೈಸೇರಿದ ಕೂಡಲೇ ಆರಂಭಿಸಬೇಕು. ಬಿಡಿ ಲಿಥಿಯಂ ಬ್ಯಾಟರಿಗಳನ್ನು ವಿಮಾನದ ಒಳಗೆ ಒಯ್ಯುವ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ವಿದ್ಯುತ್ತಿನಿಂದ ನಡೆಯುವ ಮಾದರಿಯಿದ್ದರೆ ಆ ದೇಶದ ವಿದ್ಯುತ್ ಪೂರೈಕೆಯನ್ನು ತಿಳಿದುಕೊಳ್ಳಿ: 230 ವೋಲ್ಟ್, 50 ಹರ್ಟ್ಜ್‌ಗೆ ತಯಾರಾದ ಮೋಟಾರು ಅಮೆರಿಕದ 120 ವೋಲ್ಟ್, 60 ಹರ್ಟ್ಜ್ ಪೂರೈಕೆಯಲ್ಲಿ ಸರಿಯಾಗಿ ನಡೆಯದು, ಪ್ಲಗ್ಗಿನ ಅಡಾಪ್ಟರೊಂದರಿಂದ ಈ ತೊಡಕು ಬಗೆಹರಿಯುವುದೂ ಇಲ್ಲ.

ನನ್ನ ಅಭಿಪ್ರಾಯದಲ್ಲಿ, ಉಳಿದ ಎಲ್ಲಕ್ಕಿಂತ ಹೆಚ್ಚಿನ ಸಮಯ ಸಲ್ಲಬೇಕಾದದ್ದು ತೀರ್ಪುಗಾರರೊಂದಿಗಿನ ಮಾತುಕತೆಯ ಸಿದ್ಧತೆಗೆ. ಕಂಠಪಾಠ ಮಾಡಿದ ಭಾಷಣ ನಡುವೆ ಬರುವ ಮೊದಲ ಪ್ರಶ್ನೆಗೇ ಕಡಿದುಹೋಗುತ್ತದೆ. ಅದರ ಬದಲು ಎರಡು ನಿಮಿಷಗಳಲ್ಲಿ ಮುಖ್ಯ ವಿಷಯವನ್ನು ಹೇಳಿ ನಿಲ್ಲಿಸುವುದನ್ನು ರೂಢಿಸಿಕೊಳ್ಳಿ, ಮುಂದಿನದನ್ನು ಅವರ ಪ್ರಶ್ನೆಗಳಿಗೆ ಬಿಡಿ. ಇಷ್ಟೇ ಮಾದರಿಗಳನ್ನು ಏಕೆ ಆರಿಸಿಕೊಂಡಿರಿ, ಈ ಫಲಿತಾಂಶಕ್ಕೆ ಬೇರೆ ಕಾರಣವಿರಬಹುದೇ, ನಿರೀಕ್ಷೆಗೆ ಹೊಂದದ ಅಂಕಿಗಳನ್ನು ಏನು ಮಾಡಿದಿರಿ ಎಂಬ ಪ್ರಶ್ನೆಗಳಿಗೆ ಮೂಲ ದಾಖಲೆ ಪುಸ್ತಕವನ್ನು ತೆರೆದು ತೋರಿಸುತ್ತಲೇ ಉತ್ತರಿಸಬಹುದು. ಮಾರ್ಗದರ್ಶಕರು ಮಾಡಿದ್ದೇನು, ನೀವು ಮಾಡಿದ್ದೇನು ಎಂಬ ಪ್ರಶ್ನೆ ಬಂದಾಗಲಂತೂ ಉತ್ತರ ಕಿಂಚಿತ್ತೂ ಮಸುಕಾಗಿರಬಾರದು. ಪ್ರಯೋಗಾಲಯದ ದೊಡ್ಡ ಉಪಕರಣವನ್ನು ಬೇರೊಬ್ಬರು ನಡೆಸಿಕೊಟ್ಟಿದ್ದರೆ ಹಾಗೆಯೇ ಹೇಳಿ, ಆ ಉಪಕರಣ ಕೆಲಸ ಮಾಡುವ ಬಗೆಯನ್ನು ಮಾತ್ರ ನೀವೇ ವಿವರಿಸಲು ಶಕ್ತರಾಗಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಂಡು, ಅದನ್ನು ಕಂಡುಕೊಳ್ಳಲು ಯಾವ ಪ್ರಯೋಗ ಮಾಡಬಹುದೆಂದು ಸೂಚಿಸಿದರೆ ಸಂಶೋಧಕನ ಆಲೋಚನಾ ಕ್ರಮ ಅಲ್ಲಿಯೇ ವ್ಯಕ್ತವಾಗುತ್ತದೆ.

ಅಭ್ಯಾಸವನ್ನು ನಿಮ್ಮ ವಿಷಯದ ಪರಿಚಯವಿಲ್ಲದವರ ಮುಂದೆ, ಮೇಳದಲ್ಲಿ ಮಾತನಾಡಬೇಕಾದ ಭಾಷೆಯಲ್ಲಿಯೇ ಮಾಡಿ. ದುಭಾಷಿಯ ನೆರವು ಪಡೆಯುವುದಾದರೆ ಪಾರಿಭಾಷಿಕ ಪದಗಳ ಪಟ್ಟಿಯನ್ನು ಅವರಿಗೆ ಮುಂಚಿತವಾಗಿಯೇ ಕೊಡಿ. ಮೇಳದಲ್ಲಿ ಒಬ್ಬ ತೀರ್ಪುಗಾರರು ಹೋಗಿ ಇನ್ನೊಬ್ಬರು ಬರುವ ಬಿಡುವಿನಲ್ಲಿ, ಆಗಷ್ಟೇ ಕೇಳಿದ ಪ್ರಶ್ನೆಗಳನ್ನು ದಾಖಲೆ ಪುಸ್ತಕದ ಕೊನೆಯ ಪುಟಗಳಲ್ಲಿ ಬರೆದಿಟ್ಟುಕೊಳ್ಳಿ. ಅವುಗಳಲ್ಲಿ ಕೆಲವಕ್ಕಾದರೂ ಉತ್ತರ ಸಿಗಬೇಕಾದರೆ ಮತ್ತೆ ಪ್ರಯೋಗವನ್ನೇ ಮಾಡಬೇಕಾಗುತ್ತದೆ.