ಎರೆಮಣ್ಣಿನ ಆಸ್ಪತ್ರೆಗೆ ಎರಡು ಅಳತೆ

2009ರ ತುಂಗಭದ್ರೆಯ ಪ್ರವಾಹದ ನಂತರ ರಾಯಚೂರು ಜಿಲ್ಲೆಯ ನದಿಯಂಚಿನಲ್ಲಿ ಮರುನಿರ್ಮಾಣವಾದ ಒಂದಂತಸ್ತಿನ ಆರೋಗ್ಯ ಕೇಂದ್ರವದು. ಹೆರಿಗೆ ಕೋಣೆಯ ಗೋಡೆಯಲ್ಲಿ ಓರೆ ಬಿರುಕು. ಮೂಲೆ ಕುಸಿದಿದೆ, ಬುನಾದಿ ಬಲಪಡಿಸಬೇಕು ಎಂದು ಆರೇಳು ಲಕ್ಷದ ಅಂದಾಜುಪಟ್ಟಿ ಆಗಲೇ ಸಿದ್ಧವಾಗಿತ್ತು. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲದ ಕೊನೆಗೊಮ್ಮೆ ಮೂಲೆಗಳ ಎತ್ತರ ಅಳೆಯದೆ ಆ ಪಟ್ಟಿಗೆ ಸಹಿ ಹಾಕುವುದಿಲ್ಲ ಎಂದೆ. ಮುಂದೆ ಅದಕ್ಕೆ ಗೌಂಡಿಗಳ ನೀರಿನ ಪೈಪು ಎತ್ತಿಕೊಂಡಾಗ "ಪೈಪು ಹಿಡಿದು ಆಸ್ಪತ್ರೆ ಅಳೆಯುತ್ತೀರಾ ಸರ್?" ಎಂದು ಗುತ್ತಿಗೆದಾರರು ನಕ್ಕರು.

ನಾನು ತುಂಬಬೇಕಿದ್ದ ವರದಿಯ ನಮೂನೆಯಲ್ಲಿ ಬರೀ ಭೂಕಂಪದ ಪ್ರಶ್ನೆಗಳು. 2001ರ ಭೂಕಂಪದಲ್ಲಿ ಗುಜರಾತಿನ ಭುಜ್‌ನ ಸಿವಿಲ್ ಆಸ್ಪತ್ರೆ ಕುಸಿದ ಮೇಲೆ ಹೊಸದರ ಬುನಾದಿಯಲ್ಲಿ ನೆಲದ ಅಲುಗಾಟ ಕಟ್ಟಡಕ್ಕೆ ಅಷ್ಟಾಗಿ ಏರದಂತೆ ತಡೆಯುವ ಸೀಸ-ರಬ್ಬರಿನ ಬೇರಿಂಗ್ ಕೂರಿಸಿದ್ದು ಅಲ್ಲಿಗೆ ಸರಿ. ಭೂಕಂಪಕ್ಕೆಂದೇ ಇರುವ ಭಾರತೀಯ ಮಾನಕ ಐಎಸ್ 1893:2016ರಲ್ಲಿ ರಾಯಚೂರು ಎರಡನೇ ವಲಯ, ಅಂದರೆ ಅಪಾಯ ಕಡಿಮೆ ಇರುವುದು. ನಮ್ಮನ್ನು ಕಾಡುವುದು ಎರೆಮಣ್ಣು: ಮೇ ತಿಂಗಳಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ, ಮಳೆಗೆ ಉಬ್ಬಿ ಗೋಡೆಯನ್ನೇ ಎತ್ತುತ್ತದೆ.

ಬಿರುಕು ಬೆಳೆದರೆ ಒಡೆದು ತೋರಿಸಲೆಂದು ಅದರ ಮೇಲೆ ಗಾಜಿನ ಪಟ್ಟಿ ಅಂಟಿಸುವ ಹಳೆಯ ಪದ್ಧತಿ ಕೈಕೊಟ್ಟಿತು. ಕೆಲವು ಬಿಸಿಲಿಗೆ ಉದುರಿದವು, ಉಳಿದವನ್ನು ಸುಣ್ಣ ಬಳಿಯುವವರು ಕಿತ್ತರು. ದುರ್ಬೀನಿನಿಂದ ಮಟ್ಟ ನೋಡುವ ಆಟೋ ಲೆವೆಲ್‌ಗೆ ದಿನಕ್ಕೆ ಸಾವಿರದಷ್ಟು ಬಾಡಿಗೆ ತೆತ್ತರೂ ಒಳಕೋಣೆಗಳಿಗೆ ನೋಟ ಹಾಯಲಿಲ್ಲ. ಕೊನೆಗೆ, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುವ ಗೌಂಡಿಗಳ ನೀರಿನ ಪೈಪನ್ನೇ ನಂಬಿದೆ, ಮುನ್ನೂರು ರೂಪಾಯಿಯೊಳಗೆ ಬಂತು. ಗಾಳಿಗುಳ್ಳೆ ನಿಲ್ಲದಂತೆ ಹಿಂದಿನ ರಾತ್ರಿಯೇ ನೀರು ತುಂಬಿಟ್ಟು, ಬಿಸಿಲೇರುವ ಮುನ್ನ ಅಳೆಯಬೇಕು. ಗೋಡೆಗಳಲ್ಲಿ ಹಿತ್ತಾಳೆ ಮೊಳೆ ಗುರುತು. ಎಲ್ಲ ಎತ್ತರಗಳನ್ನು ಹೋಲಿಸುವ ಆಧಾರಬಿಂದು ಅಲುಗುವ ಕಟ್ಟಡದ ಮೇಲಂತೂ ಇರಲಿಲ್ಲ.

ಮಳೆಯ ನಂತರ ಮೂರು ಮೂಲೆಗಳು ಎಂಟ್ಹತ್ತು ಮಿಲಿಮೀಟರ್ ಮೇಲೆದ್ದಿದ್ದವು. ಬಿರುಕಿನ ಮೂಲೆ ಮಾತ್ರ ಅಲುಗಿರಲಿಲ್ಲ. ಹಾಗಾದರೆ ಅಲ್ಲಿಯ ಮಣ್ಣು ಬೇಸಿಗೆಯಲ್ಲೂ ಒಣಗಿಲ್ಲ, ಬೇಸಿಗೆಯಲ್ಲಿ ಇಳಿಯುವುದು ಮಿಕ್ಕ ಮೂರು, ಅದು ಕುಸಿದ ಮೂಲೆಯೇ ಅಲ್ಲ! ಅಗೆಸಿದೆ. ಎರಡಡಿ ಆಳದಲ್ಲಿ ಕೈತೊಳೆಯುವ ಬೇಸಿನ್ನಿನ ಪೈಪಿನ ಜೋಡಣೆ ಸೋರುತ್ತಿತ್ತು. ಮಣ್ಣು ಹಿಟ್ಟು ಕಲಸಿದಂತೆ ಮೆತ್ತಗಿತ್ತು. ಪೈಪು ಬದಲಿಸಿ, ನೀರು ಬುನಾದಿಗೆ ಇಳಿಯದಂತೆ ಗೋಡೆಯ ಸುತ್ತ ಗಟ್ಟಿ ನೆಲಪಟ್ಟಿ (ಏಪ್ರನ್) ಹಾಕಿಸಿದ್ದಕ್ಕೆ ಐವತ್ತು ಸಾವಿರದ ಆಸುಪಾಸು. ಮರುವರ್ಷದ ಬೇಸಿಗೆಯಲ್ಲಿ ಆ ಮೂಲೆಯೂ ಮಿಕ್ಕವುಗಳ ಜೊತೆ ಇಳಿಯಿತು, ಬಿರುಕು ಕೂದಲೆಳೆಯಷ್ಟಾಯಿತು. ಲಕ್ಷಗಳ ಪಟ್ಟಿ ಬರೆದವರು ಆಮೇಲೆ ನನ್ನಿಂದಲೇ ಪೈಪು ಎರವಲು ಪಡೆದರು.

ಅದೇ ಪೈಪಿನಿಂದ ಹಳೆಯ ಕಾಂಪೌಂಡಿನ ಮೇಲಿದ್ದ ಪ್ರವಾಹದ ಕಲೆಯ ಮಟ್ಟವನ್ನೂ ಒಳಗೆ ತಂದೆ. ಕಟ್ಟಡದ ನೆಲಗಟ್ಟು (ಪ್ಲಿಂತ್) ಅದಕ್ಕಿಂತ ಒಂದಡಿ ಮೇಲಿದೆ, ಸಂತೋಷ. ಆದರೆ ಹಿತ್ತಲಿನ ಜನರೇಟರ್ ಕಲೆಗಿಂತ ಮೊಣಕಾಲುದ್ದ ಕೆಳಗಿದೆ. ನದಿ ಉಕ್ಕಿದರೆ ಮೊದಲು ಮುಳುಗುವುದು ಅದೇ. ಕರೆಂಟು ಹೋದರೆ ಲಸಿಕೆಯ ಫ್ರಿಜ್, ಹೆರಿಗೆ ಕೋಣೆಯ ದೀಪ ಎಲ್ಲವೂ ಅದನ್ನೇ ನಂಬಿವೆ. ಉಳಿದ ಹಣದಲ್ಲಿ ಕಟ್ಟೆ ಎತ್ತರಿಸಿ ಎಂದು ಬರೆದುಕೊಟ್ಟಿದ್ದೇನೆ. ಮಂಜೂರಾತಿ ಬಂದಿಲ್ಲ, ಪ್ರತಿ ಮಳೆಗಾಲಕ್ಕೆ ಮುನ್ನ ಮತ್ತೆ ಬರೆಯುತ್ತಿದ್ದೇನೆ.