ಡೈರಿ ಬೇಡ, ಪೇಶೆಂಟ್ ಏನಾದರು ಹೇಳಿ

ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನ್ನ ಕೆಲಸ, ಪೇಶೆಂಟ್ ಕಳಿಸುವ ಹೊರಗಿನ ಡಾಕ್ಟರುಗಳ ಜೊತೆ ಸಂಪರ್ಕ ಇಟ್ಟುಕೊಳ್ಳುವುದು. ಪುತ್ತೂರು, ಸುಳ್ಯ, ಬೆಳ್ತಂಗಡಿ, ಆಚೆ ಕಾಸರಗೋಡು. ಮಂಗಳೂರಿನಲ್ಲಿ ಆಸ್ಪತ್ರೆಗೇನು ಬರ? ವೆನ್ಲಾಕ್, ಫಾದರ್ ಮುಲ್ಲರ್, ಕೆಎಂಸಿ ಎಲ್ಲ ಇರುವಾಗ ನಮ್ಮಲ್ಲಿಗೇ ಯಾಕೆ ಕಳಿಸಬೇಕು, ಅಲ್ವಾ?

ಈ ಕೆಲಸದವರೆಲ್ಲ ಡೈರಿ, ಸ್ವೀಟ್ ಬಾಕ್ಸ್ ಹಿಡಿದು ಕ್ಲಿನಿಕ್ ಸುತ್ತುತ್ತಾರೆ. ನಾನೂ ಸುತ್ತಿದವನೇ. ಬೆಳ್ತಂಗಡಿ ಕಡೆಯ ಹಿರಿಯ ಡಾಕ್ಟರೊಬ್ಬರು ಡೈರಿ ಪಕ್ಕಕ್ಕಿಟ್ಟು ಕೇಳಿದರು: "ಅದಿರಲಿ, ನಾನು ಕಳಿಸಿದವರು ಏನಾದರು ಮಾರಾಯ್ರೆ? ಸ್ಟೆಂಟ್ ಹಾಕಿದ್ದು ಅವರ ಮಗ ಬಂದು ಹೇಳಿದ ಮೇಲೆ ಗೊತ್ತಾಯಿತು."

ಆಮೇಲೆ ಅಡ್ಮಿಷನ್ ಫಾರಂನಲ್ಲೇ ಕಳಿಸಿದ ಡಾಕ್ಟರ ನಂಬರ್ ಬರೆಸತೊಡಗಿದೆ. ಫೋನ್ ನಾನು ಮಾಡಿದರೆ ಸಾಲದು, ನೋಡುತ್ತಿರುವ ಡಾಕ್ಟರೇ ಮಾತಾಡಬೇಕು. ಅವರಿಗೋ ಒಪಿಡಿ ರಶ್. ಅದಕ್ಕೆ ರೌಂಡ್ಸ್ ಮುಗಿಯುವ ಹೊತ್ತಿಗೆ ನಾನೇ ಡಯಲ್ ಮಾಡಿ ಮೊಬೈಲ್ ಅವರ ಕೈಗೆ ಕೊಡುತ್ತೇನೆ. ಎರಡು ನಿಮಿಷದ ಮಾತು, ಅಷ್ಟೇ.

ಡಿಸ್ಚಾರ್ಜ್ ಸಮ್ಮರಿಯದ್ದು ಬೇರೆಯೇ ಕಥೆ. ಪುಟಗಟ್ಟಲೆ ರಿಪೋರ್ಟ್ ಇರುತ್ತದೆ, ಹಳೆಯ ಬಿಪಿ ಮಾತ್ರೆ ನಿಲ್ಲಿಸಿದ್ದೋ ಮುಂದುವರಿಸಬೇಕೋ ಅನ್ನುವುದೇ ಇರುವುದಿಲ್ಲ. ಊರಿನ ಡಾಕ್ಟರ ಮುಂದೆ ಪೇಶೆಂಟ್ ಪ್ಲಾಸ್ಟಿಕ್ ತೊಟ್ಟೆಯಿಂದ ಹಳೆಯದು ಹೊಸದು ಎರಡೂ ಮಾತ್ರೆ ಸುರಿಯುತ್ತಾರೆ. ಈಗ ಮೊದಲ ಪುಟದಲ್ಲೇ ಬರೆಸುತ್ತೇವೆ: ಯಾವುದು ನಿಂತಿತು, ಯಾವುದು ಹೊಸದು, ರಕ್ತ ತೆಳು ಮಾಡುವ ಮಾತ್ರೆ ಎಲ್ಲಿಯವರೆಗೆ. ಪೇಶೆಂಟ್ ಒಪ್ಪಿದರೆ ಅವರನ್ನು ಕಳಿಸಿದ ಡಾಕ್ಟರಿಗೂ ಅದರ ಫೋಟೋ ಹೋಗುತ್ತದೆ.

ಡ್ರೆಸ್ಸಿಂಗ್, ಶುಗರ್ ಟೆಸ್ಟಿಗೆ ಸುಳ್ಯದಿಂದ ಸುಮ್ನೆ ಇಲ್ಲಿಗೆ ಬರಬೇಡಿ, ನಿಮ್ಮ ಡಾಕ್ಟರ ಹತ್ತಿರವೇ ಹೋಗಿ ಅನ್ನುತ್ತೇವೆ. ಆದಾಯ ಹೋಗುತ್ತದೆ ಅಂತ ಒಳಗೇ ಗೊಣಗಾಟ ಇತ್ತು. ಆದರೆ ಕಳಿಸುವವರಿಗೆ ಜಾಸ್ತಿ ಭಯ ಅದೇ, ಹೋದ ಪೇಶೆಂಟ್ ವಾಪಸ್ ಬರುವುದಿಲ್ಲ ಅಂತ.

ಕಮಿಷನ್ ಕೇಳುವವರೂ ಇದ್ದಾರೆ. 2002ರ ವೈದ್ಯಕೀಯ ಪರಿಷತ್ತಿನ ನಿಯಮದಲ್ಲೇ ಅದು ನಿಷಿದ್ಧ. ಇಲ್ಲ ಅಂದೆ. ಕೆಲವರು ಬೇರೆ ಕಡೆ ಹೋದರು, ಹೋಗಲಿ.

ಹೃದಯದ ಕೇಸಿನಲ್ಲಿ ಹಳ್ಳಿಯ ಇಸಿಜಿಯನ್ನು ವಾಟ್ಸಾಪ್‌ನಲ್ಲೇ ನೋಡಿ ಹೇಳಬಹುದು ಅಂತ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ನಮ್ಮ ಮಂಗಳೂರಿನಿಂದಲೇ ಮಾಡಿ ತೋರಿಸಿದರು. ಅದನ್ನು ನೋಡಿದ ಮೇಲೆ ನಮ್ಮ ಎಮರ್ಜೆನ್ಸಿ ನಂಬರನ್ನು ರಿಸೆಪ್ಷನ್‌ನಿಂದ ತೆಗೆಸಿ ಡ್ಯೂಟಿ ಡಾಕ್ಟರ ಕೈಗೆ ಕೊಡಿಸಿದೆ. ವೆಂಟಿಲೇಟರ್ ಬೆಡ್ ಖಾಲಿ ಇಲ್ಲದಿದ್ದರೆ ಇಲ್ಲ ಅಂತಲೇ ಹೇಳುತ್ತಾರೆ, ಎಲ್ಲಿದೆ ಅಂತ ವಿಚಾರಿಸಿಯೂ ಕೊಡುತ್ತಾರೆ. ಸುಬ್ರಹ್ಮಣ್ಯದಿಂದ ಹೊರಟ ಆಂಬುಲೆನ್ಸ್, ಮಂಗಳೂರಿಗಿಂತ ಮೊದಲು ಸಿಗುವ ಬಿ.ಸಿ. ರೋಡ್ ದಾಟುವ ಮೊದಲೇ ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುತ್ತದೆ.