ಚಂದ್ರಗಿರಿಯ ಭರತ ಇಳಿತಗಳ ನಡುವೆ: ದೂರದ ಕಯಾಕ್ ಸ್ಪರ್ಧೆಗೆ ನಾವು ಅಣಿಯಾದ ಬಗೆ

ಕಳೆದ ಫೆಬ್ರವರಿಯಲ್ಲಿ ನಾನೂ ನನ್ನ ಜೊತೆಗಾರ್ತಿಯೂ ಇಬ್ಬರು ಕೂರುವ ಕಯಾಕಿನಲ್ಲಿ 32 ಕಿ.ಮೀ. ದೂರದ ಸ್ಪರ್ಧೆಯೊಂದನ್ನು ಪೂರೈಸಿದೆವು. ಅದಕ್ಕೆ ಮೊದಲಿನ ಐದು ತಿಂಗಳು ನಮ್ಮೂರಿನ ಪುಟ್ಟ ಕಯಾಕ್ ಕೂಟದೊಂದಿಗೆ ಚಂದ್ರಗಿರಿ ಹೊಳೆಯಲ್ಲಿ ನಡೆಸಿದ ಅಭ್ಯಾಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ನಾನು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಕಿ, ವಯಸ್ಸು ನಲವತ್ತೊಂದು. ಈಜು ಬರುತ್ತಿತ್ತು, ಆದರೆ ಹುಟ್ಟು ಹಿಡಿದದ್ದು ಅದೇ ಮೊದಲು.

ಆರಂಭದಲ್ಲಿ ನಾನು ಅಭ್ಯಾಸವೆಂದರೆ ತೋಳಿನ ಬಲ ಹೆಚ್ಚಿಸಿಕೊಳ್ಳುವುದು ಎಂದೇ ತಿಳಿದಿದ್ದೆ. ಮೊದಲ ತಿಂಗಳಲ್ಲಿ ತಿಳಿದದ್ದು ಬೇರೆಯೇ: ನಮ್ಮ ಹೊಳೆಯಲ್ಲಿ ದೂರ ಸಾಗಬೇಕಾದವರು ಮೊದಲು ನೀರಿನ ಸಮಯವನ್ನು ಕಲಿಯಬೇಕು. ಕಡಲಿನ ನೀರು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ ಹಿಡಿಯುವುದರಿಂದ ಅದರ ಹೊತ್ತು ದಿನದಿಂದ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ. ಹೀಗಾಗಿ ಈ ಭಾನುವಾರ ಬೆಳಿಗ್ಗೆ ಆರಕ್ಕೆ ನಮ್ಮನ್ನು ಮೇಲಕ್ಕೆ ಒಯ್ದ ನೀರೇ ಮುಂದಿನ ಭಾನುವಾರ ಅದೇ ಹೊತ್ತಿಗೆ ನಮಗೆ ಎದುರಾಗಿ ಹರಿಯುತ್ತಿತ್ತು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸು ಏರಿಳಿತದ ಅಂತರ ಹೆಚ್ಚು, ಸೆಳೆತವೂ ಹೆಚ್ಚು. ಅಷ್ಟಮಿಯ ಹೊತ್ತಿಗೆ ಎರಡೂ ತಗ್ಗುತ್ತವೆ. ಗೋಡೆಯ ಪಂಚಾಂಗದಲ್ಲಿ ತಿಥಿ ನೋಡಿ ಅಭ್ಯಾಸದ ಪಟ್ಟಿ ಬರೆಯುವ ರೂಢಿ ನನಗೆ ಹೀಗೆ ಬಂತು.

ಈ ಹೊಳೆಯಲ್ಲಿ ಉಪ್ಪುನೀರು ಎಷ್ಟು ದೂರ ಏರುತ್ತದೆ ಎಂಬುದು ಕಾಸರಗೋಡಿನವರಿಗೆ ಹೊಸ ವಿಷಯವಲ್ಲ. ಬೇಸಿಗೆಯಲ್ಲಿ ಪೇಟೆಯ ನಲ್ಲಿಗಳಲ್ಲಿ ಉಪ್ಪುನೀರು ಬರುತ್ತಿದ್ದುದು, ಅದನ್ನು ತಡೆಯಲು ಬಾವಿಕ್ಕೆರೆಯಲ್ಲಿ ವರ್ಷವರ್ಷವೂ ತಾತ್ಕಾಲಿಕ ಕಟ್ಟ ಹಾಕುತ್ತಿದ್ದುದು ನಮ್ಮ ತಲೆಮಾರಿನ ಎಲ್ಲರಿಗೂ ನೆನಪಿದೆ. ಈಗ ಅಲ್ಲಿ ಶಾಶ್ವತ ಅಣೆಕಟ್ಟೆ ನಿಂತಿದೆ. ನಮ್ಮ ಉದ್ದದ ಅಭ್ಯಾಸವೆಲ್ಲ ಅಣೆಕಟ್ಟೆಗೂ ಅಳಿವೆಯ ಸಮೀಪದ ಸೇತುವೆಗಳಿಗೂ ನಡುವಿನ ಹರಿವಿನಲ್ಲೇ ನಡೆಯಿತು. ಸೇತುವೆಗಳಿಂದ ಕೆಳಗೆ, ಅಳಿವೆಯ ಕಡೆಗೆ, ಇಳಿತದ ಹೊತ್ತಿನಲ್ಲಿ ಯಾರೂ ಹೋಗಬಾರದೆಂಬುದು ಕೂಟದ ಮೊದಲ ನಿಯಮವಾಗಿತ್ತು, ಏಕೆಂದರೆ ಆಗ ಹೊಳೆಯ ನೀರೂ ಭರತದ ನೀರೂ ಒಟ್ಟಾಗಿ ಕಡಲಿಗೆ ಓಡುತ್ತವೆ. ರೈಲು ಸೇತುವೆಯ ಕಂಬಗಳ ಹಿಂದೆ ಸುಳಿಯೇಳುವುದನ್ನು ದೂರದಿಂದ ನೋಡಿದರೇ ಆ ನಿಯಮದ ಅಗತ್ಯ ಅರ್ಥವಾಗುತ್ತಿತ್ತು.

ನೀರಿನಷ್ಟೇ ಗಾಳಿಯ ಲೆಕ್ಕವೂ ಬೇಕೆಂದು ಕಲಿಸಿದವರು ಕಡವಿನ ಬಳಿ ಬಲೆ ಸರಿಪಡಿಸುತ್ತ ಕೂರುತ್ತಿದ್ದ ಒಬ್ಬ ಅಜ್ಜ. ಡಿಸೆಂಬರಿನ ಒಂದು ಭಾನುವಾರ ನಾವು ತಡವಾಗಿ ಹೊರಟಾಗ ಅವರು, "ಟೀಚರೇ, ಹಿಂದೆ ಬರುವಾಗ ಪಡುಗಾಳಿ ಉಂಟು, ನೀರು ಇಳಿಯುವ ಹೊತ್ತು, ಜಾಗ್ರತೆ" ಎಂದರು. ಇಳಿತವಿದ್ದರೆ ಮರಳುವುದು ಸುಲಭವೆಂದು ನಂಬಿದ್ದ ನಾವು ಆ ಮಾತನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯಿಂದ ಗಾಳಿ ಎದ್ದಿತು. ಹರಿವು ಒಂದು ದಿಕ್ಕಿಗೆ, ಗಾಳಿ ಅದರ ಎದುರಿಗೆ ಆದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಮೇಲೊಂದು ಏಳುತ್ತವೆ. ಹೊಳೆ ಅಗಲವಾಗುವ ಕಡೆ ನಮ್ಮ ದೋಣಿ ಅಡ್ಡಕ್ಕೆ ತಿರುಗಿ ಮಗುಚಿತು. ಜೀವರಕ್ಷಕ ಅಂಗಿ ತೊಟ್ಟಿದ್ದೆವು, ದೋಣಿಯನ್ನು ಬಿಡಲಿಲ್ಲ, ಕಾಂಡ್ಲ ಗಿಡಗಳ ಬದಿಗೆ ಈಜಿ ನೀರು ಖಾಲಿ ಮಾಡಿದೆವು. ಮರುವಾರದಿಂದ ಬೆಳಿಗ್ಗೆ ಹತ್ತೂವರೆಯ ಒಳಗೆ ದಡ ಸೇರುವಂತೆ ಹೊರಡುವ ಹೊತ್ತನ್ನು ಹಿಂದಕ್ಕೆ ತಂದೆವು. ಮಗುಚಿದ ದೋಣಿಯನ್ನು ನೀರಿನಲ್ಲೇ ನೆಟ್ಟಗೆ ಮಾಡಿ ಮತ್ತೆ ಏರುವ ಅಭ್ಯಾಸವನ್ನು ಪ್ರತಿ ತಿಂಗಳು ಎರಡು ಬಾರಿ ಮಾಡಿದೆವು.

ಇನ್ನು ಹುಟ್ಟು ಹಾಕುವ ಕ್ರಮ. ಇದರಲ್ಲಿ ನಾನು ಮಾಡಿದ ತಪ್ಪನ್ನು ಹೊಸಬರು ಮಾಡದಿರಲಿ ಎಂಬ ಕಾರಣಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಯಾಕನ್ನು ಮುಂದೊಯ್ಯುವುದು ತೋಳಲ್ಲ, ಸೊಂಟದಿಂದ ಮೇಲೆ ತಿರುಗುವ ಇಡೀ ಮೈ. ಬಲಬದಿಯಲ್ಲಿ ಅಲಗನ್ನು ಪಾದದ ನೇರಕ್ಕೆ ನೀರಿಗಿಳಿಸುವಾಗ ಬಲಭುಜ ಮುಂದೆ ಬಂದಿರಬೇಕು. ಅಲಗು ಪೂರ್ತಿ ಮುಳುಗಿದ ಮೇಲೆ ಬಲಗಾಲಿನಿಂದ ಪಾದದ ಹಲಗೆಯನ್ನು ಒತ್ತುತ್ತ ಬೆನ್ನನ್ನು ತಿರುಗಿಸಬೇಕು. ಅಲಗು ಸೊಂಟದ ನೇರ ದಾಟುವ ಮೊದಲೇ ಅದನ್ನು ಹೊರತೆಗೆಯಬೇಕು. ಅದರಾಚೆಗೆ ಎಳೆದರೆ ದೋಣಿ ಮುಂದೆ ಹೋಗುವ ಬದಲು ಕೆಳಕ್ಕೆ ಜಗ್ಗುತ್ತದೆ. ನಮ್ಮ ತರಬೇತುದಾರರು ಮಲಯಾಳದಲ್ಲಿ "ಪತುಕ್ಕೆ, ಪತುಕ್ಕೆ" ಎಂದು ಕೂಗುತ್ತ ದಡದಲ್ಲಿ ನಡೆದು ಬರುತ್ತಿದ್ದರು. ನಿಧಾನವಾಗಿ ಸರಿಯಾಗಿ ಹಾಕಿದ ನಲವತ್ತು ಹುಟ್ಟು ಅವಸರದ ಅರವತ್ತಕ್ಕಿಂತ ದೋಣಿಯನ್ನು ಹೆಚ್ಚು ದೂರ ಒಯ್ಯುವುದನ್ನು ಅವರು ದಡದ ತೆಂಗಿನ ಮರಗಳನ್ನು ಗುರುತಿಟ್ಟು ನಮಗೆ ತೋರಿಸಿಕೊಟ್ಟರು.

ಈ ಕ್ರಮ ನನಗೆ ಒಂದೂವರೆ ತಿಂಗಳಲ್ಲಿ ಒಗ್ಗಿತು, ಆದರೆ ಹಿಡಿತ ಸಡಿಲವಾಗಲಿಲ್ಲ. ಬಿಗಿಯಾಗಿ ಹಿಡಿದೇ 18 ಕಿ.ಮೀ. ಸಾಗಿದ ದಿನ ಸಂಜೆ ಬಲ ಮಣಿಕಟ್ಟಿನ ಮೇಲ್ಭಾಗ ಊದಿತು. ಬೆರಳು ಮಡಚಿದರೆ ಒಳಗೆ ಕರಕರ ಎನ್ನುತ್ತಿತ್ತು, ಶಾಲೆಯಲ್ಲಿ ಸೀಮೆಸುಣ್ಣ ಹಿಡಿಯಲಾಗಲಿಲ್ಲ. ಸ್ನಾಯುರಜ್ಜುವಿನ ಹೊದಿಕೆಗೆ ಉರಿಯೂತವಾಗಿದೆ, ವಿಶ್ರಾಂತಿಯೇ ಮದ್ದು ಎಂದರು ವೈದ್ಯರು. ಮೂರು ವಾರ ನೀರಿಗಿಳಿಯಲಿಲ್ಲ. ಮತ್ತೆ ಆರಂಭಿಸಿದಾಗ ಪ್ರತಿ ಹುಟ್ಟಿನಲ್ಲೂ ಮೇಲಿನ ಕೈಯ ಬೆರಳುಗಳನ್ನು ಪೂರ್ತಿ ಬಿಡಿಸಿ, ಅಂಗೈಯಿಂದಷ್ಟೇ ಕೋಲನ್ನು ತಳ್ಳುವುದನ್ನು ಅಭ್ಯಾಸ ಮಾಡಿದೆ. ಎಳೆಯುವ ಕೈಯದು ಕೊಕ್ಕೆಯ ಕೆಲಸ, ಮುಷ್ಟಿಯದಲ್ಲ. ಇದನ್ನು ಮೊದಲ ದಿನವೇ ಯಾರಾದರೂ ಬಿಡಿಸಿ ಹೇಳಿದ್ದರೆ ಆ ಮೂರು ವಾರ ಉಳಿಯುತ್ತಿತ್ತು ಎಂದು ಈಗಲೂ ಅನಿಸುತ್ತದೆ.

ಜೊತೆಗಾರ್ತಿ ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ಆಸ್ಪತ್ರೆಯಲ್ಲಿ ನರ್ಸ್. ಇಬ್ಬರ ದೋಣಿಯಲ್ಲಿ ಮುಂದೆ ಕೂತವರು ಲಯ ಕೊಡಬೇಕು, ಹಿಂದಿನವರು ಅದನ್ನು ಅನುಸರಿಸುತ್ತ ಚುಕ್ಕಾಣಿ ನೋಡಿಕೊಳ್ಳಬೇಕು. ಬಲವಿದ್ದ ಅವಳನ್ನೇ ಮುಂದೆ ಕೂರಿಸಿದ್ದೆವು. ಆದರೆ ಒಂದು ಗಂಟೆಯಾದ ಮೇಲೆ ಅವಳ ಲಯ ನನಗೆ ದಕ್ಕದೆ ಅಲಗುಗಳು ಒಂದಕ್ಕೊಂದು ತಾಗುತ್ತಿದ್ದವು. ಕೊನೆಗೆ ಅವಳೇ, "ಅಕ್ಕ, ನೀವು ಮುಂದೆ ಕೂತುಕೊಳ್ಳಿ, ನಿಮ್ಮ ಲಯಕ್ಕೆ ನಾನು ಬರುತ್ತೇನೆ" ಎಂದಳು. ದೂರದ ಸ್ಪರ್ಧೆಗೆ ಇದು ಸರಿಯಾದ ನಿರ್ಧಾರವಾಗಿತ್ತು; ನಾಲ್ಕು ಗಂಟೆ ಉಳಿಸಿಕೊಳ್ಳಬಲ್ಲ ಲಯ ಯಾರದೋ ಅವರು ಮುಂದಿರಬೇಕು.

ವಾರದಲ್ಲಿ ಮಂಗಳವಾರ ಮತ್ತು ಗುರುವಾರ ಶಾಲೆಗೆ ಮೊದಲು ಒಂದು ಗಂಟೆ, ಭಾನುವಾರ ಉದ್ದದ ಅಭ್ಯಾಸ. ಭಾನುವಾರದ ದೂರ 6 ಕಿ.ಮೀ.ಯಿಂದ ಆರಂಭವಾಗಿ ಜನವರಿಯ ಕೊನೆಗೆ 26 ಕಿ.ಮೀ. ಮುಟ್ಟಿತು, ಪ್ರತಿ ನಾಲ್ಕನೆಯ ವಾರ ಅದನ್ನು ಅರ್ಧಕ್ಕೆ ಇಳಿಸುತ್ತಿದ್ದೆವು. ಹೊರಡುವ ಎರಡು ಗಂಟೆ ಮೊದಲು ಕುಚ್ಚಿಲಕ್ಕಿ ಗಂಜಿ, ದೋಣಿಯಲ್ಲಿ ಬೇಯಿಸಿದ ನೇಂದ್ರ ಬಾಳೆಹಣ್ಣಿನ ತುಂಡುಗಳು, ಉಪ್ಪು ಬೆಲ್ಲ ಬೆರೆಸಿದ ಲಿಂಬೆ ಪಾನಕ. ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಕುಡಿಯುತ್ತಿದ್ದೆವು.

ದೋಣಿ ಹೊತ್ತು ನಡೆಯುವ ಅಭ್ಯಾಸವನ್ನೂ ತರಬೇತುದಾರರು ಬಿಡಲಿಲ್ಲ. ಇಂಗ್ಲೆಂಡಿನ ಡಿವೈಜಸ್‌ನಿಂದ ವೆಸ್ಟ್‌ಮಿನ್‌ಸ್ಟರ್‌ಗೆ ನಡೆಯುವ ಸುಮಾರು 200 ಕಿ.ಮೀ. ಸ್ಪರ್ಧೆಯಲ್ಲಿ 77 ಕಡೆ ದೋಣಿಯನ್ನು ನೀರಿನಿಂದೆತ್ತಿ ಹೊರಬೇಕಾಗುತ್ತದೆ ಎಂದು ಅವರು ಹೇಳಿದಾಗ, ನಮ್ಮ ಸ್ಪರ್ಧೆಯ ಒಂದೇ ಒಂದು ಹೊರೆಯ ಬಗ್ಗೆ ದೂರುವ ಮನಸ್ಸು ಯಾರಿಗೂ ಬರಲಿಲ್ಲ.

ಸ್ಪರ್ಧೆಯ ದಿನ ಮೊದಲ ಅರ್ಧ ನಾವು ಇನ್ನೊಂದು ದೋಣಿಯ ಪಕ್ಕದ ಅಲೆಯ ಮೇಲೆ ನಮ್ಮ ಮೂತಿಯನ್ನಿಟ್ಟು ಸಾಗಿದೆವು. ಅದರಿಂದ ಶ್ರಮ ಬಹಳ ಉಳಿಯುತ್ತದೆ, ಅಭ್ಯಾಸದಲ್ಲಿ ಕೂಟದ ದೋಣಿಗಳು ಸರದಿಯಂತೆ ಒಂದರ ಅಲೆಯನ್ನು ಒಂದು ಹಿಡಿದದ್ದು ಇದಕ್ಕೇ. ಕೊನೆಯ 5 ಕಿ.ಮೀ.ಯಲ್ಲಿ ಎದುರುನೀರು ಸಿಕ್ಕಿತು. ಹೊಳೆಯ ನಡುವೆ ಸಾಗದೆ, ಸೆಳೆತ ಕಡಿಮೆಯಿರುವ ದಡದ ಅಂಚನ್ನು ಹಿಡಿದೆವು. ನಡುವಿನಲ್ಲೇ ಹೋದ ಎರಡು ದೋಣಿಗಳನ್ನು ಅಲ್ಲಿ ದಾಟಿದೆವು. ಒಟ್ಟು 4 ಗಂಟೆ 21 ನಿಮಿಷ ತೆಗೆದುಕೊಂಡೆವು. ದಡಕ್ಕೆ ಬಂದಾಗ ಮಣಿಕಟ್ಟು ಊದಿರಲಿಲ್ಲ, ಬೆರಳುಗಳು ನೋಯದೆ ಮಡಚುತ್ತಿದ್ದವು.

ಮೂರನೆಯ ಗಂಟೆಯಲ್ಲಿ ಕುಡಿಯುವುದನ್ನು ಎರಡು ಬಾರಿ ಬಿಟ್ಟಿದ್ದೆವು, ಅದರ ಫಲವಾಗಿ ಕೊನೆಗೆ ಅವಳ ತೊಡೆ ಹಿಡಿದುಕೊಂಡಿತು. ಈ ಸಲ ಕುಡಿಯುವ ನಳಿಗೆಯನ್ನು ಜೀವರಕ್ಷಕ ಅಂಗಿಯ ಭುಜಕ್ಕೇ ಕಟ್ಟಿದ್ದೇವೆ, ಕೈ ಹುಟ್ಟಿನಿಂದ ಬಿಡುವ ಅಗತ್ಯವಿಲ್ಲ. ಬರುವ ಭಾನುವಾರ ಷಷ್ಠಿ; ನೀರು ಯಾವಾಗ ತಿರುಗುತ್ತದೆಂದು ನೋಡಿ ಅವಳಿಗೆ ಹೇಳಬೇಕು.